ಬಿಗಾರಿಯಿಂದ ಮಿಸ್ತ್ರಿಗೆ: ನಾಕಾದ ಕನ್ನಡಿಗರಿಗೂ ತೆರೆದಿದೆ ಸರಕಾರಿ ತರಬೇತಿಯ ಬಾಗಿಲು

ಡೊಂಬಿವಲಿ: ಬೆಳಗ್ಗೆ ಏಳು ಗಂಟೆ ದಾಟುವ ಹೊತ್ತಿಗೆ ಥಾಣೆಯಿಂದ ಕಲ್ಯಾಣ್‌ವರೆಗೆ, ತುರ್ಭೆಯಿಂದ ಪನ್ವೆಲ್‌ವರೆಗೆ ನಾಕಾಗಳು ತುಂಬಿಕೊಳ್ಳುತ್ತವೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಿಗೆ ಚೀಲ, ಚೀಲದಲ್ಲಿ ಕರಣೆ, ಟೇಪು, ಸುತ್ತಿಗೆ. ಇವ್ಯಾವುವೂ ಇಲ್ಲದವರು ಬರಿಗೈಯಲ್ಲಿ ನಿಂತಿರುತ್ತಾರೆ. ಠೇಕೇದಾರನ ಕಣ್ಣು ಮೊದಲು ಬೀಳುವುದು ಆ ಚೀಲದ ಮೇಲೆ. ಚೀಲವಿದ್ದವನು ಮಿಸ್ತ್ರಿ, ಇಲ್ಲದವನು ಬಿಗಾರಿ. ಇಬ್ಬರ ಪಗಾರಿನ ನಡುವಿನ ಅಂತರ ನಾಕಾದಲ್ಲಿ ನಿಂತ ಪ್ರತಿಯೊಬ್ಬನಿಗೂ ಗೊತ್ತು. ಆ ಅಂತರವನ್ನು ದಾಟುವ ಹಾದಿ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಈ ನಾಕಾಗಳಲ್ಲಿ ಕಿವಿಗೊಟ್ಟರೆ ಕನ್ನಡ ಕೇಳಿಸುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರ, ಬಾಗಲಕೋಟೆ, ಬೀದರ್, ರಾಯಚೂರು ಕಡೆಯ ಕನ್ನಡ ಅದು. ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಡಬ್ಬಿಯಲ್ಲಿ ಕುಳಿತು ಕಲ್ಯಾಣ್‌ನಲ್ಲಿ ಇಳಿದವರು, ಮೊದಲೇ ಬಂದ ಮಾವನನ್ನೋ ಅಣ್ಣನನ್ನೋ ಹುಡುಕಿಕೊಂಡು ಬಂದವರು, ಊರಲ್ಲಿ ಮುಕಾದಮನ ಕೈಯಿಂದ ಉಚಲ್ ಪಡೆದು ಗುಂಪಾಗಿ ಬಂದವರು ಇವರಲ್ಲಿದ್ದಾರೆ. ನವಿ ಮುಂಬಯಿಯ ಗುಡ್ಡಗಳಲ್ಲಿ ಕಲ್ಲು ಒಡೆದ ವಡ್ಡರು, ಸೈಟಿನಿಂದ ಸೈಟಿಗೆ ಸಂಸಾರ ಹೊತ್ತು ಸಾಗುವ ಲಮಾಣಿಗಳು ಕಟ್ಟಿದ ನಗರ ಇದು. 1970ರ ಮಾರ್ಚ್ 17ರಂದು ಸ್ಥಾಪನೆಯಾದ ಸಿಡ್ಕೊ ಹೊಸ ನಗರದ ನಕ್ಷೆ ಹಾಕಿತು. ಆ ನಕ್ಷೆಯನ್ನು ನೆಲದ ಮೇಲೆ ತಂದವರಲ್ಲಿ ನಮ್ಮ ನಾಡಿನ ಬಡವರೂ ಇದ್ದರು ಎಂಬುದು ಹೊರನಾಡ ಕನ್ನಡಿಗರ ಚರಿತ್ರೆಯಲ್ಲಿ ಹೆಚ್ಚಾಗಿ ದಾಖಲಾಗದ ಸಂಗತಿ. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಹೋಟೆಲು, ಬ್ಯಾಂಕು, ಕಾರ್ಖಾನೆಗಳ ಕನ್ನಡಿಗರನ್ನು ಸಂಘ-ಸಂಸ್ಥೆಗಳು ಬಲ್ಲವು. ನಾಕಾದ ಕನ್ನಡಿಗರು ಆ ಪಟ್ಟಿಯಲ್ಲಿ ಕಾಣಿಸುವುದು ಅಪರೂಪ.

ಒಂದೇ ದಿನ, ಎರಡು ಉದ್ಘಾಟನೆ

2025ರ ಅಕ್ಟೋಬರ್ 8ರಂದು ಪ್ರಧಾನಿ ನರೇಂದ್ರ ಮೋದಿ ಅವರು ನವಿ ಮುಂಬಯಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಉದ್ಘಾಟಿಸಿದರು. ಅದೇ ವರ್ಷ ಡಿಸೆಂಬರ್ 25ರಿಂದ ಅಲ್ಲಿ ವಿಮಾನ ಸಂಚಾರವೂ ಆರಂಭವಾಯಿತು. ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ವಿಮಾನ ನಿಲ್ದಾಣದ್ದೇ ಸುದ್ದಿ. ಆದರೆ ಅಂದು ಅದೇ ಕಾರ್ಯಕ್ರಮದಲ್ಲಿ ಮಹಾರಾಷ್ಟ್ರ ಸರಕಾರದ ಇನ್ನೊಂದು ಯೋಜನೆಗೂ ಚಾಲನೆ ದೊರೆಯಿತು. ಅದರ ಹೆಸರು ಮುಖ್ಯಮಂತ್ರಿ ಅಲ್ಪಾವಧಿ ಉದ್ಯೋಗ ಯೋಗ್ಯತಾ ತರಬೇತಿ ಕಾರ್ಯಕ್ರಮ, ಚಿಕ್ಕದಾಗಿ 'ಸ್ಟೆಪ್'. ರಾಜ್ಯದ 400 ಸರಕಾರಿ ಐಟಿಐಗಳು ಮತ್ತು 150 ಸರಕಾರಿ ತಾಂತ್ರಿಕ ಪ್ರೌಢಶಾಲೆಗಳಲ್ಲಿ 2,500 ಹೊಸ ತರಬೇತಿ ತಂಡಗಳು, ಅವುಗಳಲ್ಲಿ 364 ತಂಡಗಳು ಮಹಿಳೆಯರಿಗಾಗಿಯೇ ಎಂದು ಆಗ ಘೋಷಿಸಲಾಯಿತು.

ವಿಮಾನ ನಿಲ್ದಾಣ ಕಟ್ಟಿದ ಕೈಗಳಿಗೂ ಈ ತರಬೇತಿಗೂ ನೇರ ನಂಟಿದೆ. ಈ ಪರಿಸರದಲ್ಲಿ ಕಟ್ಟಡ ಕೆಲಸಕ್ಕೆ ಬರವಿಲ್ಲ. 2023ರ ನವೆಂಬರ್‌ನಲ್ಲಿ ಬೇಲಾಪುರ-ಪೇಂಧರ್ ಮೆಟ್ರೊ, 2024ರ ಜನವರಿಯಲ್ಲಿ ಅಟಲ್ ಸೇತು ತೆರೆದುಕೊಂಡವು. ಥಾಣೆ-ಭಿವಂಡಿ-ಕಲ್ಯಾಣ್ ಮೆಟ್ರೊ, ಬಾಂದ್ರಾ-ಕುರ್ಲಾ ಸಂಕೀರ್ಣದಿಂದ ಶಿಳಫಾಟಾವರೆಗಿನ 21 ಕಿ.ಮೀ. ಬುಲೆಟ್ ರೈಲು ಸುರಂಗ, ಥಾಣೆ-ಬೊರಿವಲಿ ಜೋಡಿ ಸುರಂಗ ಮಾರ್ಗದಂತಹ ದೊಡ್ಡ ಕೆಲಸಗಳನ್ನು ಸರಕಾರ ಕೈಗೆತ್ತಿಕೊಂಡಿದೆ. ಜೊತೆಗೆ ಮುಗಿಲೆತ್ತರದ ವಸತಿ ಸಂಕೀರ್ಣಗಳು. ಇಂತಹ ಕಡೆ ಕಂಪನಿಗಳು ಕೇಳುವುದು ಬರೀ ತೋಳ್ಬಲವನ್ನಲ್ಲ. ನಕ್ಷೆ ಓದಬಲ್ಲ ಸೆಂಟ್ರಿಂಗ್ ಬಡಗಿ, ಪಟ್ಟಿ ನೋಡಿ ಸರಳು ಕತ್ತರಿಸಿ ಬಗ್ಗಿಸಬಲ್ಲ ಫಿಟ್ಟರ್, ಪರವಾನಗಿ ಇರುವ ವಯರ್‌ಮನ್, ಪರೀಕ್ಷೆ ಪಾಸಾದ ವೆಲ್ಡರ್ ಅವರಿಗೆ ಬೇಕು. ಬಿಗಾರಿಯಾಗಿ ಬಂದವನು ಹತ್ತು ವರ್ಷ ದುಡಿದರೂ ಇಂತಹ ಕೆಲಸ ತಾನಾಗಿ ಕೈಗೆ ಬರುವುದಿಲ್ಲ.

ಸೈಟಿನಲ್ಲಿ ಕಲಿಸುವವರು ಯಾರು?

ಹಿಂದೆ ಗೌಂಡಿ ಕೆಲಸ ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಬರುತ್ತಿತ್ತು. ಈಗಲೂ ಸೈಟುಗಳಲ್ಲಿ ಕಲಿಕೆ ನಡೆಯುವುದು ಹಾಗೆಯೇ. ಬಿಗಾರಿ ನಾಲ್ಕಾರು ವರ್ಷ ಮಾಲು ಕಲಸಿ, ಇಟ್ಟಿಗೆ ಹೊತ್ತು, ಮಿಸ್ತ್ರಿಯ ಮನಸ್ಸು ಗೆದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ಕರಣೆ ಕೈಗೆ ಸಿಗುತ್ತದೆ. ಮಿಸ್ತ್ರಿಗೆ ಕಲಿಸುವ ಜರೂರು ಇಲ್ಲ, ಠೇಕೇದಾರನಿಗೆ ಕೆಲಸ ನಿಲ್ಲುವುದು ಇಷ್ಟವಿಲ್ಲ. ಹೀಗಾಗಿ ಓಳಂಬ ಹಿಡಿದು ಗೋಡೆಯ ನೇರ ನೋಡುವುದನ್ನು, ಟ್ಯೂಬ್ ಲೆವೆಲ್‌ನಲ್ಲಿ ಮಟ್ಟ ತೆಗೆಯುವುದನ್ನು ಕಣ್ಣಲ್ಲೇ ಕದ್ದು ಕಲಿಯಬೇಕು. ಲೆಕ್ಕ, ಅಳತೆ, ನಕ್ಷೆ ಮಾತ್ರ ಕಣ್ಣಲ್ಲಿ ಕದಿಯುವಂಥವಲ್ಲ. ಅವನ್ನು ಯಾರಾದರೂ ಕೂರಿಸಿ ಹೇಳಿಕೊಡಬೇಕು.

ಕಲಿಯದಿದ್ದರೆ ನಷ್ಟ ಪಗಾರಿನದ್ದು ಮಾತ್ರವಲ್ಲ, ಪ್ರಾಣದ್ದೂ ಹೌದು. ಎತ್ತರದ ಪರಾಂಚಿಯ ಮೇಲೆ ಬೆಲ್ಟ್ ಕಟ್ಟಿಕೊಳ್ಳುವುದು, ಸ್ಲ್ಯಾಬಿನ ಆಧಾರ ಯಾವಾಗ ಬಿಚ್ಚಬೇಕು, ತೆರೆದ ತಂತಿಯ ಬಳಿ ಹೇಗಿರಬೇಕು ಎಂಬುದನ್ನು ತರಬೇತಿಯ ಮೊದಲ ದಿನಗಳಲ್ಲೇ ಹೇಳಿಕೊಡುತ್ತಾರೆ. ನಾಕಾದಿಂದ ನೇರವಾಗಿ ಸೈಟಿಗೆ ಹೋದವನಿಗೆ ಅದನ್ನು ಹೇಳುವವರಿಲ್ಲ. 2013ರ ಏಪ್ರಿಲ್ 4ರಂದು ಶಿಳಫಾಟಾದಲ್ಲಿ ಅನಧಿಕೃತವಾಗಿ ಏಳುತ್ತಿದ್ದ ಕಟ್ಟಡ ಕುಸಿದು 74 ಮಂದಿ ಅಸುನೀಗಿದ ದುರಂತವನ್ನು ಈ ಪರಿಸರದ ಜನ ಮರೆತಿಲ್ಲ. ಅರೆಬರೆ ಕಟ್ಟಡದಲ್ಲೇ ಸಂಸಾರ ಹೂಡಿದ್ದ ಕಾರ್ಮಿಕರೂ ಮಕ್ಕಳೂ ಅದಕ್ಕೆ ಬಲಿಯಾದರು. ಅವಸರದ, ಅಗ್ಗದ ಕೆಲಸದ ಬೆಲೆಯನ್ನು ಮೊದಲು ತೆರುವವರು ಕಟ್ಟುವವರೇ.

ಐಟಿಐ: ಹಳೆಯದಾದರೂ ಗಟ್ಟಿ ಹಾದಿ

ಸರಕಾರಿ ಹಣದಿಂದ ನಡೆಯುವ ಕಸುಬಿನ ತರಬೇತಿಯಲ್ಲಿ ಇಂದಿಗೂ ಹೆಚ್ಚು ಬೆಲೆಯುಳ್ಳದ್ದು ಐಟಿಐ. ಕೇಂದ್ರ ಸರಕಾರದ ಕುಶಲಕರ್ಮಿ ತರಬೇತಿ ಯೋಜನೆ 1950ರಷ್ಟು ಹಳೆಯದು. ನಮ್ಮ ಪರಿಸರದಲ್ಲಿ ಥಾಣೆಯ ವಾಗ್ಳೆ ಎಸ್ಟೇಟ್, ಉಲ್ಲಾಸನಗರ, ಅಂಬರನಾಥ, ಬೇಲಾಪುರ, ಪನ್ವೆಲ್‌ಗಳಲ್ಲಿ ಸರಕಾರಿ ಐಟಿಐಗಳಿವೆ. ಡೊಂಬಿವಲಿ, ಕಲ್ಯಾಣ್‌ನ ಮಕ್ಕಳಿಗೆ ಉಲ್ಲಾಸನಗರ, ಅಂಬರನಾಥಗಳು ಲೋಕಲ್ ರೈಲಿನಲ್ಲಿ ಕೆಲವೇ ನಿಮಿಷಗಳ ದಾರಿ.

ಕಟ್ಟಡಕ್ಕೆ ಸಂಬಂಧಿಸಿದ ಟ್ರೇಡ್‌ಗಳಲ್ಲಿ ಎಲೆಕ್ಟ್ರಿಷಿಯನ್, ವಯರ್‌ಮನ್, ಸಿವಿಲ್ ಡ್ರಾಫ್ಟ್ಸ್‌ಮನ್ ಎರಡು ವರ್ಷದವು. ಪ್ಲಂಬರ್, ಬಡಗಿ, ವೆಲ್ಡರ್, ಗೌಂಡಿ ಕೆಲಸ ಒಂದು ವರ್ಷದವು. ಎಲ್ಲಕ್ಕೂ ಹತ್ತನೇ ತರಗತಿ ಪಾಸಾಗಿರಲೇಬೇಕೆಂದಿಲ್ಲ. ವೆಲ್ಡರ್, ಗೌಂಡಿಯಂತಹ ಟ್ರೇಡ್‌ಗಳಿಗೆ ಎಂಟನೇ ತರಗತಿ ಸಾಕು. ಕನಿಷ್ಠ ವಯಸ್ಸು 14, ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಹತ್ತನೆಯಲ್ಲಿ ಫೇಲಾಗಿ ಮನೆಯಲ್ಲಿ ಕುಳಿತ ಹುಡುಗನಿಗೆ ದಾರಿ ಮುಚ್ಚಿತೆಂದು ಭಾವಿಸುವ ತಂದೆತಾಯಿ ಇದನ್ನು ಗಮನಿಸಬೇಕು. ಎಲ್ಲ ಐಟಿಐಗಳಲ್ಲಿ ಎಲ್ಲ ಟ್ರೇಡ್ ಇರುವುದಿಲ್ಲವಾದ್ದರಿಂದ ಆಯಾ ವರ್ಷದ ಪ್ರವೇಶ ಪುಸ್ತಿಕೆಯನ್ನು ನೋಡಿಯೇ ಅರ್ಜಿ ಹಾಕಬೇಕು. ಪ್ರವೇಶ ಆನ್‌ಲೈನ್ ಮೂಲಕ, ಎಸ್‌ಎಸ್‌ಸಿ ಫಲಿತಾಂಶದ ಬೆನ್ನಿಗೇ, ಹಲವು ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ಸುತ್ತು ತಪ್ಪಿಸಿಕೊಂಡವರಿಗೆ ಬೇಡಿಕೆಯ ಟ್ರೇಡ್ ಸಿಗುವುದು ಕಷ್ಟ.

ಭಾಷೆಯ ಅಳುಕು ಸಹಜ. ಇಲ್ಲಿನ ಪಾಠ ಮರಾಠಿ, ಇಂಗ್ಲಿಷ್‌ನಲ್ಲಿ. ಆದರೆ ಚೆನ್ನೈನಲ್ಲಿರುವ ಕೇಂದ್ರ ಸರಕಾರದ ಬೋಧನಾ ಸಾಮಗ್ರಿ ಸಂಸ್ಥೆ 'ನಿಮಿ' ಐಟಿಐ ಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಹೊರತರುತ್ತದೆ. ಕನ್ನಡ ಮಾಧ್ಯಮದಲ್ಲಿ ಎಂಟು-ಹತ್ತು ಓದಿ ಬಂದವನು ಆ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡರೆ ಮೊದಲ ಆರು ತಿಂಗಳ ತೊಡಕು ಅರ್ಧ ಕಳೆದಂತೆ.

ದುಡಿಯುತ್ತಲೇ ಕಲಿಯುವವರಿಗೆ

ಒಂದು ವರ್ಷ ಪಗಾರವಿಲ್ಲದೆ ಕೂರುವುದು ಎಲ್ಲರಿಗೂ ಸಾಧ್ಯವಿಲ್ಲ. ಊರಿಗೆ ಹಣ ಕಳುಹಿಸಬೇಕು, ಉಚಲ್ ತೀರಿಸಬೇಕು, ಖೋಲಿಯ ಬಾಡಿಗೆ ಕಟ್ಟಬೇಕು. ಅಂಥವರಿಗೆ 1961ರ ಅಪ್ರೆಂಟಿಸ್ ಕಾಯ್ದೆ ಉಪಯುಕ್ತ. 30 ಮತ್ತು ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ತಮ್ಮ ನೌಕರರ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂಬುದು 2019ರಲ್ಲಿ ತಿದ್ದುಪಡಿಯಾದ ನಿಯಮ. ಅದೇ ನಿಯಮದಲ್ಲಿ ವಿದ್ಯಾರ್ಹತೆಗೆ ತಕ್ಕಂತೆ ಮಾಸಿಕ 5,000ದಿಂದ 9,000 ರೂ.ವರೆಗೆ ಕನಿಷ್ಠ ವಿದ್ಯಾವೇತನ ನಿಗದಿಯಾಗಿತ್ತು. ಬೆಲೆ ಏರಿಕೆಯ ದಿನಗಳಲ್ಲಿ ಇದು ಸಾಲದೆಂಬ ದೂರಿನ ನಡುವೆ 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶೇ. 36ರಷ್ಟು ಏರಿಕೆಗೆ ಶಿಫಾರಸು ಮಾಡಿತು.

2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಡಿ ವಿದ್ಯಾವೇತನದ ಕಾಲು ಭಾಗವನ್ನು, ತಿಂಗಳಿಗೆ 1,500 ರೂ. ಮೀರದಂತೆ, ಕೇಂದ್ರ ಸರಕಾರ ಭರಿಸುತ್ತದೆ. 2023ರಿಂದ ಆ ಪಾಲು ನೇರವಾಗಿ ಅಪ್ರೆಂಟಿಸ್‌ನ ಬ್ಯಾಂಕ್ ಖಾತೆಗೆ ಸೇರುವ ವ್ಯವಸ್ಥೆಯಾಗಿದೆ. ಐಟಿಐ ಮಾಡದೆ ನೇರವಾಗಿ ಬರುವ ಹೊಸಬನಿಗೆ ಮೊದಲು ಮೂಲ ತರಬೇತಿ ಕೊಟ್ಟು ಅನಂತರ ಕೆಲಸದ ಜಾಗಕ್ಕೆ ಕಳುಹಿಸಬೇಕೆಂಬುದು ಈ ಪದ್ಧತಿಯ ತಿರುಳು. ಅಂದರೆ ಸೈಟು ಹತ್ತುವ ಮೊದಲೇ ಉಪಕರಣಗಳ ಹೆಸರು, ಅಳತೆ, ಸುರಕ್ಷತೆಯ ಅರಿವು ಮೂಡಿರಬೇಕು. ಹೆಸರು ನೋಂದಣಿಗೆ ಬೇಕಾದ್ದು ಆಧಾರ್, ಬ್ಯಾಂಕ್ ಖಾತೆ ಮತ್ತು ಅಂಕಪಟ್ಟಿ. ನೋಂದಣಿ ಉಚಿತ.

ಖಾಸಗಿ ವಲಯದಲ್ಲೂ ಇಂತಹ ಪ್ರಯತ್ನಗಳಿವೆ. ಎಲ್ ಆ್ಯಂಡ್ ಟಿ ಕಂಪನಿ 1995ರಿಂದ ಕಟ್ಟಡ ಕೌಶಲ ತರಬೇತಿ ಕೇಂದ್ರಗಳನ್ನು ನಡೆಸುತ್ತ ಬಂದಿದ್ದು, ಅವುಗಳಲ್ಲೊಂದು ಪನ್ವೆಲ್‌ನಲ್ಲಿದೆ. ಹಳ್ಳಿಯ ಯುವಕರಿಗೆ ಸೆಂಟ್ರಿಂಗ್, ಸರಳು ಕಟ್ಟುವುದು, ಗೌಂಡಿ ಕೆಲಸ ಕಲಿಸಿ ತನ್ನ ಸೈಟುಗಳಿಗೆ ಕಳುಹಿಸುವ ಪದ್ಧತಿ ಅಲ್ಲಿಯದು. ಕಲಿಸಿದರೆ ಕೆಲಸ ಬೇಗನೆ, ಚೆನ್ನಾಗಿ ಆಗುತ್ತದೆ ಎಂಬುದು ದೊಡ್ಡ ಕಂಪನಿಗಳಿಗೆ ಎಂದೋ ಮನದಟ್ಟಾಗಿದೆ.

ಕೈಯಲ್ಲಿ ಕಸುಬಿದೆ, ಕಾಗದವಿಲ್ಲ

ಇಪ್ಪತ್ತು ವರ್ಷ ಕರಣೆ ಹಿಡಿದವರ ಪ್ರಶ್ನೆ ಬೇರೆ. ಅವರಿಗೆ ಕೆಲಸ ಗೊತ್ತು, ಆದರೆ ಗೊತ್ತೆಂದು ಹೇಳುವ ಕಾಗದವಿಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇಂಥವರಿಗಾಗಿ ಒಂದು ವಿಭಾಗವಿದೆ. ಈಗಾಗಲೇ ಕಲಿತಿರುವ ಕಸುಬನ್ನು ಪರೀಕ್ಷಿಸಿ, ಕೊರತೆ ಇದ್ದಲ್ಲಿ ಸ್ವಲ್ಪ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುವುದು ಅದರ ಉದ್ದೇಶ. ಇನ್ನು 2023ರ ಸೆಪ್ಟೆಂಬರ್ 17ರಂದು ಪ್ರಾರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೌಂಡಿ ಮತ್ತು ಬಡಗಿ ಕೆಲಸಗಳೂ ಸೇರಿವೆ. ಐದರಿಂದ ಏಳು ದಿನಗಳ ಮೂಲ ತರಬೇತಿ, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂ., ಉಪಕರಣಗಳಿಗೆ 15,000 ರೂ. ನೆರವು, ಅನಂತರ ಶೇ. 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ 1 ಲಕ್ಷ ಮತ್ತು 2 ಲಕ್ಷ ರೂ. ಸಾಲ ಇದರಲ್ಲಿ ದೊರೆಯುತ್ತದೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಸ್ವಂತವಾಗಿ ದುಡಿಯುವ ನಾಕಾ ಮಿಸ್ತ್ರಿಗಳಿಗೆ ಇದು ಒಪ್ಪುವಂಥದ್ದು.

ಕಸುಬಿನ ಪರೀಕ್ಷೆಯ ಬೆಲೆ ಏನೆಂಬುದು 2024ರಲ್ಲಿ ಎಲ್ಲರಿಗೂ ಗೊತ್ತಾಯಿತು. ಇಸ್ರೇಲ್‌ಗೆ ಭಾರತೀಯ ಕಟ್ಟಡ ಕಾರ್ಮಿಕರನ್ನು ಆರಿಸಲು ನಡೆದ ಪರೀಕ್ಷೆಗಳಲ್ಲಿ ಕೇಳಿದ್ದು ಸೆಂಟ್ರಿಂಗ್, ಸರಳು ಬಗ್ಗಿಸುವುದು, ಪ್ಲಾಸ್ಟರ್, ಟೈಲ್ಸ್ ಎಂಬ ನಾಲ್ಕೇ ಕೆಲಸ. ಯುದ್ಧದ ನಾಡಿಗೆ ಹೋಗುವುದು ಸರಿಯೇ ಎಂಬ ಚರ್ಚೆ ಬೇರೆ. ಕೈಯ ಕಸುಬನ್ನು ಪರೀಕ್ಷಕನ ಮುಂದೆ ಮಾಡಿ ತೋರಿಸಬಲ್ಲವನಿಗೆ ಮಾತ್ರ ಅಲ್ಲಿ ಜಾಗವಿತ್ತು.

ಆದರೆ ಎಚ್ಚರವೂ ಅಗತ್ಯ. ಕೌಶಲ ವಿಕಾಸ ಯೋಜನೆಯ ದಾಖಲೆಗಳಲ್ಲಿ ತರಬೇತಿ ಪಡೆದವರ ಬ್ಯಾಂಕ್ ಖಾತೆಯ ವಿವರಗಳೇ ಸರಿಯಾಗಿಲ್ಲ ಎಂಬಂತಹ ಗಂಭೀರ ಲೋಪಗಳನ್ನು 2025ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಎತ್ತಿ ತೋರಿಸಿದೆ. ಎರಡು ದಿನ ಕೂರಿಸಿ, ಫೋಟೊ ತೆಗೆದು, ಕಾಗದ ಕೊಟ್ಟು ಕಳುಹಿಸುವ ಕೇಂದ್ರದಿಂದ ಪ್ರಯೋಜನವಿಲ್ಲ. ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು ಸರಳ: ಕೋರ್ಸ್ ಎಷ್ಟು ದಿನದ್ದು? ಕೈಗೆ ಉಪಕರಣ ಕೊಟ್ಟು ಕೆಲಸ ಮಾಡಿಸುತ್ತಾರೆಯೇ? ಪರೀಕ್ಷೆ ಯಾರು ಮಾಡುತ್ತಾರೆ? ಶುಲ್ಕವಿದ್ದರೆ ಎಷ್ಟು, ರಸೀದಿ ಸಿಗುವುದೇ? 'ಸ್ಟೆಪ್' ತಂಡಗಳಿಗೆ ಸೇರುವವರೂ ಹತ್ತಿರದ ಐಟಿಐಗೆ ಖುದ್ದಾಗಿ ಹೋಗಿ ಇದನ್ನು ವಿಚಾರಿಸುವುದು ಒಳಿತು. ನಡುವಿನ ಏಜೆಂಟರಿಗೆ ಹಣ ಕೊಡುವ ಅಗತ್ಯ ಯಾವ ಸರಕಾರಿ ಯೋಜನೆಯಲ್ಲೂ ಇಲ್ಲ.

ಯೋಜನೆಗಳ ಆಯುಷ್ಯವನ್ನೂ ನೋಡಿಕೊಳ್ಳಬೇಕು. ಮಹಾನಗರಪಾಲಿಕೆಗಳ ಮೂಲಕ ನಗರದ ಬಡವರಿಗೆ ಉಚಿತ ತರಬೇತಿ ಕೊಡಿಸುತ್ತಿದ್ದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ 2013ರಲ್ಲಿ ಆರಂಭವಾಗಿ 2024ರಲ್ಲಿ ಮುಗಿದಿದೆ. ಹಳೆಯ ಕರಪತ್ರ ಹಿಡಿದು ಪಾಲಿಕೆ ಕಚೇರಿಗೆ ಅಲೆದರೆ ಒಂದು ದಿನದ ಕೂಲಿ ಹೋಗುವುದಷ್ಟೇ.

ಕಾಗದಪತ್ರದ ಗೋಡೆ

ನಾಕಾದ ಕನ್ನಡಿಗನಿಗೆ ತರಬೇತಿಗಿಂತ ದೊಡ್ಡ ತೊಡಕು ಕಾಗದಪತ್ರದ್ದು. ಆಧಾರ್ ಊರಿನ ವಿಳಾಸದ್ದು, ಶಾಲೆ ಬಿಟ್ಟ ಪ್ರಮಾಣಪತ್ರ ಕನ್ನಡದ್ದು, ವಾಸದ ಪುರಾವೆ ಎಂದರೆ ಸೈಟಿನ ಪತ್ರೆಯ ಜೋಪಡಿ. ಮಹಾರಾಷ್ಟ್ರದ ಡೊಮಿಸೈಲ್ ಪ್ರಮಾಣಪತ್ರಕ್ಕೆ 15 ವರ್ಷದ ವಾಸದ ದಾಖಲೆ ಬೇಕು. ವರ್ಷಕ್ಕೆ ನಾಲ್ಕು ಸೈಟು ಬದಲಿಸುವವನು ಅದನ್ನು ಎಲ್ಲಿಂದ ತರಬೇಕು?

ಜಾತಿ ಪ್ರಮಾಣಪತ್ರದ ಕತೆ ಇನ್ನೂ ಸಿಕ್ಕು. ಕರ್ನಾಟಕದಲ್ಲಿ ಲಂಬಾಣಿಗಳೂ ಭೋವಿಗಳೂ ಪರಿಶಿಷ್ಟ ಜಾತಿಯವರು. ಮಹಾರಾಷ್ಟ್ರದಲ್ಲಿ ಬಂಜಾರಾ ಮತ್ತು ವಡಾರ್ ಸಮಾಜಗಳು ವಿಮುಕ್ತ ಜಾತಿ-ಅ ವರ್ಗದಲ್ಲಿವೆ. ಆ ವರ್ಗಕ್ಕೆ ಇರುವ ಮೀಸಲಾತಿ ಶೇ. 3. ಅದನ್ನು ಪಡೆಯಲು ಕುಟುಂಬ 1961ರ ನವೆಂಬರ್ 21ಕ್ಕೆ ಮೊದಲೇ ಮಹಾರಾಷ್ಟ್ರದಲ್ಲಿ ನೆಲೆಸಿದ್ದ ದಾಖಲೆ ತೋರಿಸಬೇಕಾಗುತ್ತದೆ. ಒಂದು ರಾಜ್ಯದ ಜಾತಿ ಸ್ಥಾನಮಾನ ಇನ್ನೊಂದು ರಾಜ್ಯಕ್ಕೆ ಜೊತೆಯಲ್ಲೇ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಹೀಗಾಗಿ ಊರಿನಲ್ಲಿ ಮೀಸಲು ಸೀಟು ಸಿಗಬಹುದಾಗಿದ್ದ ಹುಡುಗ ಇಲ್ಲಿ ಸಾಮಾನ್ಯ ವರ್ಗದಲ್ಲಿ ಸ್ಪರ್ಧಿಸಬೇಕು. ಇಂತಹ ಕುಟುಂಬಗಳು ಮಗನನ್ನು ಊರಿನ ಐಟಿಐಗೆ ಸೇರಿಸಿ, ಮುಗಿದ ಮೇಲೆ ಅಪ್ರೆಂಟಿಸ್ ಆಗಿ ಇಲ್ಲಿಗೆ ಕರೆಸಿಕೊಳ್ಳುವುದು ಸುಲಭದ ದಾರಿಯಾಗಬಹುದು. ಐಟಿಐಯ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರಕ್ಕೆ ರಾಜ್ಯದ ಗಡಿ ಇಲ್ಲ.

ಕಾರ್ಮಿಕರ ಹೆಸರಿನ ಹಣ

ಇಷ್ಟಕ್ಕೆಲ್ಲ ಹಣ ಎಲ್ಲಿದೆ ಎಂದು ಕೇಳುವವರಿಗೆ ಉತ್ತರ ಕಟ್ಟಡಗಳಲ್ಲೇ ಇದೆ. 1996ರ ಕಾನೂನಿನಂತೆ ಕಟ್ಟಡದ ವೆಚ್ಚದ ಶೇ. 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕಾಗಿ ವಸೂಲಾಗುತ್ತದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಕಲ್ಯಾಣ ಮಂಡಳಿ ಮತ್ತು ಸೆಸ್ ಪದ್ಧತಿ ಸಾಮಾಜಿಕ ಭದ್ರತಾ ಸಂಹಿತೆಯಡಿ ಮುಂದುವರಿದಿವೆ. ಆದರೆ ವಸೂಲಾದ ಹಣವೆಲ್ಲ ಕಾರ್ಮಿಕನ ಕೈ ಸೇರಿಲ್ಲ. ದೇಶದಾದ್ಯಂತ 37,400 ಕೋಟಿ ರೂ.ಗೂ ಹೆಚ್ಚು ಸಂಗ್ರಹವಾಗಿ ಸುಮಾರು 9,500 ಕೋಟಿ ರೂ. ಮಾತ್ರ ಬಳಕೆಯಾಗಿದೆಯೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 19ರ ತೀರ್ಪಿನಲ್ಲಿ ತೀವ್ರ ಬೇಸರ ವ್ಯಕ್ತಪಡಿಸಿತ್ತು. ಬ್ರಿಟನ್‌ನಲ್ಲಿ 1964ರಿಂದಲೇ ಕಟ್ಟಡ ಕಂಪನಿಗಳಿಂದ ಲೆವಿ ಪಡೆದು ಅದನ್ನು ಕಾರ್ಮಿಕರ ತರಬೇತಿಗೇ ವಿನಿಯೋಗಿಸುವ ಮಂಡಳಿ ಇದೆ. ಕರ್ನಾಟಕದ ಮಂಡಳಿಯಲ್ಲಿಯೂ 'ಶ್ರಮ ಸಾಮರ್ಥ್ಯ' ಎಂಬ ಹೆಸರಿನಲ್ಲಿ ತರಬೇತಿ ಮತ್ತು ಉಪಕರಣ ಕಿಟ್‌ನ ಯೋಜನೆ ರೂಪಿಸಲಾಗಿದೆ.

ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ 18ರಿಂದ 60ರ ವಯಸ್ಸು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದ ದಾಖಲೆ ಮುಖ್ಯ. ಕರ್ನಾಟಕದ ಕಾರ್ಡ್ ಇಲ್ಲಿ ನಡೆಯುವುದಿಲ್ಲ, ಇಲ್ಲಿಯದನ್ನೇ ಮಾಡಿಸಬೇಕು. ನೋಂದಾಯಿತರ ಮಕ್ಕಳಿಗೆ ಶಾಲಾ ಹಂತದಿಂದಲೇ ವಿದ್ಯಾರ್ಥಿವೇತನವಿದೆ. ಅಪ್ಪ ಮಾಡಿಸಿದ ಒಂದು ಕಾರ್ಡು ಮಗನನ್ನು ಶಾಲೆಯಲ್ಲಿ ಉಳಿಸುತ್ತದೆ, ಶಾಲೆಯಲ್ಲಿ ಉಳಿದವನಿಗಷ್ಟೇ ಐಟಿಐಯ ಬಾಗಿಲು ತೆರೆಯುತ್ತದೆ. 90 ದಿನದ ಪ್ರಮಾಣಪತ್ರಕ್ಕೆ ಠೇಕೇದಾರ ಸಹಿ ಹಾಕಲು ಹಿಂಜರಿಯುವುದೇ ಎಷ್ಟೋ ಕಡೆ ಇದಕ್ಕೆಲ್ಲ ಅಡ್ಡಗಾಲು.

ತಟ್ಟೆ ಹೊರುವ ತಾಯಂದಿರು

ನಾಕಾದಲ್ಲಿ ಹೆಂಗಸರಿಗೆ ಒಂದೇ ದರ್ಜೆ. ಗಂಡ ಹತ್ತು ವರ್ಷದಲ್ಲಿ ಮಿಸ್ತ್ರಿಯಾಗಬಹುದು, ಹೆಂಡತಿ ಮೂವತ್ತು ವರ್ಷ ದುಡಿದರೂ ತಲೆಯ ಮೇಲೆ ಮಾಲಿನ ತಟ್ಟೆಯೇ. ಅವಳಿಗೆ ಕರಣೆ ಕೊಡುವ ಪದ್ಧತಿಯೇ ಇಲ್ಲ. ಆದರೆ ಆಗದ ಕೆಲಸವೇನಲ್ಲ. ಅಹ್ಮದಾಬಾದಿನಲ್ಲಿ ಸೇವಾ ಸಂಸ್ಥೆಯ ಬಳಗ 2003ರಲ್ಲಿ 'ಕರ್ಮಿಕಾ' ಎಂಬ ಶಾಲೆ ತೆರೆದು ಕಟ್ಟಡದ ಹೆಂಗಸರಿಗೆ ಗೌಂಡಿ ಕೆಲಸ, ಟೈಲ್ಸ್, ಬಣ್ಣ ಬಳಿಯುವುದನ್ನು ಕಲಿಸಿತು. 'ಸ್ಟೆಪ್'ನ 364 ಮಹಿಳಾ ತಂಡಗಳಲ್ಲಿ ಕಟ್ಟಡದ ಕಸುಬುಗಳಿಗೂ ಪಾಲು ಸಿಗಬೇಕೆಂದು ಕೇಳುವುದು ನ್ಯಾಯವೇ. ಜೊತೆಗೆ ಮಗುವನ್ನು ನೋಡಿಕೊಳ್ಳುವವರೂ ಬೇಕು. 1969ರಲ್ಲಿ ದಿಲ್ಲಿಯಲ್ಲಿ ಮೀರಾ ಮಹಾದೇವನ್ ಆರಂಭಿಸಿದ ಸೈಟಿನ ಶಿಶುಪಾಲನಾ ಕೇಂದ್ರಗಳು 1972ರಲ್ಲಿ ಮುಂಬಯಿಗೂ ಬಂದವು. ಮಗು ಸುರಕ್ಷಿತವಾಗಿದ್ದರೆ ಮಾತ್ರ ತಾಯಿ ತರಗತಿಯಲ್ಲಿ ಕೂರಬಲ್ಲಳು.

ಸಂಘಗಳು ಏನು ಮಾಡಬಹುದು?

ಮುಂಬಯಿ ಕನ್ನಡಿಗರಿಗೆ ಇದು ಹೊಸ ಪಾಠವಲ್ಲ. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಓದಿ ಬ್ಯಾಂಕು, ಕಚೇರಿ, ಸ್ವಂತ ಉದ್ಯಮ ಏರಿದ ತಲೆಮಾರು ನಮ್ಮದು. ಮೊಗವೀರ ಬಂಧುಗಳು 1908ರಷ್ಟು ಹಿಂದೆಯೇ ರಾತ್ರಿ ಶಾಲೆ ತೆರೆದಿದ್ದರು. ಅಂದು ಊರಿನಿಂದ ಬಂದ ಹುಡುಗನ ಕೈಗೆ ಪುಸ್ತಕ ಕೊಡಲು ಸಮಾಜದ ಹಿರಿಯರಿದ್ದರು. ಇಂದು ನಾಕಾದಲ್ಲಿ ನಿಂತ ಹುಡುಗ ಬೇರೆ ಜಿಲ್ಲೆಯವನು, ಬೇರೆ ಸಮಾಜದವನು. ಅವನ ಮಾತು ಮಾತ್ರ ಕನ್ನಡವೇ.

ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ, ಥಾಣೆಯ ನವೋದಯ ಕನ್ನಡ ಸೇವಾ ಸಂಘದ ಶಾಲೆಯಂತಹ ಸಂಸ್ಥೆಗಳನ್ನು ಕಟ್ಟಿದವರು ನಮ್ಮವರೇ. ಜಾಗ, ಕಂಪ್ಯೂಟರ್, ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಶಿಕ್ಷಕರು, ಎಂಜಿನಿಯರ್‌ಗಳು ಎಲ್ಲರೂ ನಮ್ಮ ಸಂಘಗಳ ಬಳಗದಲ್ಲಿದ್ದಾರೆ. ಇದಕ್ಕೆ ಲಕ್ಷಗಟ್ಟಲೆ ದೇಣಿಗೆ ಬೇಡ. ಐಟಿಐ ಪ್ರವೇಶದ ದಿನಗಳಲ್ಲಿ ಎರಡು ರವಿವಾರ ಒಂದು ಮೇಜು ಹಾಕಿ ಅರ್ಜಿ ತುಂಬಿಸುವುದು, ಕನ್ನಡದ ಶಾಲಾ ಪ್ರಮಾಣಪತ್ರಕ್ಕೆ ಅನುವಾದ ಮಾಡಿಸಿಕೊಡುವುದು, ಬ್ಯಾಂಕ್ ಖಾತೆ ತೆರೆಸುವುದು, ಮಂಡಳಿಯ ನೋಂದಣಿಗೆ ದಾರಿ ತೋರಿಸುವುದು, ಸಂಜೆ ಅಳತೆ-ಲೆಕ್ಕದ ಪಾಠ ಹೇಳುವುದು, ಇಷ್ಟಾದರೂ ಸಾಕು. ಕಟ್ಟಡ ವ್ಯವಸಾಯದಲ್ಲಿರುವ ಕನ್ನಡಿಗ ಉದ್ಯಮಿಗಳು ತಮ್ಮ ಸೈಟಿನ ಕಾರ್ಮಿಕರಿಗೆ 90 ದಿನದ ಪ್ರಮಾಣಪತ್ರವನ್ನು ತಾವಾಗಿ ಕೊಟ್ಟು, ವರ್ಷಕ್ಕೆ ಇಬ್ಬರು ಅಪ್ರೆಂಟಿಸ್‌ಗಳನ್ನಾದರೂ ತೆಗೆದುಕೊಂಡರೆ ಅದಕ್ಕಿಂತ ದೊಡ್ಡ ಸಮಾಜಸೇವೆ ಬೇರಿಲ್ಲ.

ಮುಂದಿನ ಎಸ್‌ಎಸ್‌ಸಿ ಫಲಿತಾಂಶದ ಹೊತ್ತಿಗೆ ನಾಕಾದ ಎಷ್ಟು ಮನೆಗಳಿಂದ ಐಟಿಐಗೆ ಅರ್ಜಿ ಹೋಗುತ್ತದೆ ಎಂಬುದು ನಮ್ಮ ಸಂಘಗಳ ವರ್ಷದ ವರದಿಯಲ್ಲಿ ಒಂದು ಸಾಲಾಗಿ ಸೇರಲಿ. ಅಪ್ಪ ಬರಿಗೈಯಲ್ಲಿ ನಿಂತ ನಾಕಾದಲ್ಲಿ ಮಗನೂ ಬರಿಗೈಯಲ್ಲೇ ನಿಲ್ಲಬೇಕೆಂಬ ನಿಯಮವೇನಿಲ್ಲ.